ಬೈಕಿನ ಚೈನ್ ಮತ್ತು ಸ್ಪ್ರಾಕೆಟ್ ಬದಲಾವಣೆ: ಮನೆಯಲ್ಲಿ ನಡೆದ ಒಂದು ದುರಸ್ತಿಯ ಪ್ರಕರಣ ಅಧ್ಯಯನ

ತೊಂದರೆ ಮತ್ತು ಪರೀಕ್ಷೆ

ಈ ಪ್ರಕರಣದ ಬೈಕು ಒಂದೇ ಸಿಲಿಂಡರಿನ ಮಧ್ಯಮ ಗಾತ್ರದ ವಾಹನ. ಹಿಂಚಕ್ರಕ್ಕೆ ಡಿಸ್ಕ್ ಬ್ರೇಕ್ ಮತ್ತು ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇವೆ. ಚೈನ್ 520 ಅಳತೆಯದು, ಓ-ರಿಂಗ್ ಬಗೆಯದು, ಒಟ್ಟು 112 ಕೊಂಡಿಗಳದು. ಚೈನ್ ಹಾಯುವ ಹಲ್ಲಿನ ಗಾಲಿಗಳಾದ ಸ್ಪ್ರಾಕೆಟ್ಟುಗಳಲ್ಲಿ ಮುಂದಿನದಕ್ಕೆ 15 ಹಲ್ಲುಗಳು, ಹಿಂದಿನದಕ್ಕೆ 45. ನಿಧಾನವಾಗಿ ಹೋಗುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ತಿರುಗಿಸಿದರೆ ಬೈಕು ಜಗ್ಗಿದಂತಾಗುತ್ತದೆ, ಎಡಗಡೆಯಿಂದ ಕರಕರ ಸದ್ದು ಬರುತ್ತದೆ, ಚೈನನ್ನು ಬಿಗಿಮಾಡಿದ ಸ್ವಲ್ಪ ಕಾಲಕ್ಕೇ ಅದು ಮತ್ತೆ ಜೋಲುಬೀಳುತ್ತದೆ ಎಂಬುದು ಮಾಲೀಕರ ದೂರು. ಜಗ್ಗುವಿಕೆಯನ್ನು ಗಮನಿಸಿ ಕ್ಲಚ್ ಪ್ಲೇಟುಗಳು ಸವೆದಿರಬೇಕೆಂದು ಅವರು ಮೊದಲು ಭಾವಿಸಿದ್ದರು. ಕ್ಲಚ್ ಸವೆದಿದ್ದರೆ ಇಂಜಿನ್ನಿನ ಸದ್ದು ಏರುತ್ತದೆಯೇ ಹೊರತು ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಇಲ್ಲಿ ಅಂಥ ಲಕ್ಷಣ ಇರಲಿಲ್ಲ. ಆದ್ದರಿಂದ ಪರೀಕ್ಷೆಯನ್ನು ಚೈನಿನಿಂದಲೇ ಆರಂಭಿಸಲಾಯಿತು. ಕೆಲಸವನ್ನೆಲ್ಲ ಮಾಲೀಕರೇ ತಮ್ಮ ಕೈಯಿಂದ ಮಾಡಿದರು. ನಾನು ಪಕ್ಕದಲ್ಲಿದ್ದು ಅಳತೆಗಳನ್ನು ಬರೆದುಕೊಂಡೆ, ಎರಡನೆಯ ಜೊತೆ ಕೈ ಬೇಕಾದಲ್ಲಿ ನೆರವಾದೆ.

ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು ಬೇರೆಡೆ ಇರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹಿಂಚಕ್ರವನ್ನು ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ ಎತ್ತಲಾಯಿತು. ಕೀಲಿಯನ್ನು ತೆಗೆದಿಡುವುದು ಅತಿ ಎಚ್ಚರಿಕೆಯಂತೆ ಕಾಣಬಹುದು. ಆದರೆ ಚೈನಿನ ಕೆಲಸದಲ್ಲಿ ಬೆರಳು ಕಳೆದುಕೊಳ್ಳುವವರು ಬಹುಮಟ್ಟಿಗೆ ಇಂಜಿನ್ ಚಾಲನೆಯಲ್ಲಿಟ್ಟು, ಗೇರಿಗೆ ಹಾಕಿ, ತಿರುಗುತ್ತಿರುವ ಚೈನಿಗೆ ಬಟ್ಟೆ ಹಿಡಿದು ಒರೆಸಲು ಹೋದವರು. ಬಟ್ಟೆಯ ಒಂದು ಎಳೆ ಹಲ್ಲಿಗೆ ಸಿಕ್ಕರೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಕೈಯಿಂದ ತಿರುಗಿಸಿದ ಚಕ್ರಕ್ಕೂ ಬೆರಳನ್ನು ಜಜ್ಜುವಷ್ಟು ತೂಕವಿರುತ್ತದೆ. ಆದ್ದರಿಂದ ಒಂದು ಕೈ ಟೈರನ್ನು ತಿರುಗಿಸುತ್ತಿರುವಾಗ ಇನ್ನೊಂದು ಕೈ ಚೈನಿನ ಹತ್ತಿರ ಇರಬಾರದೆಂಬ ನಿಯಮವನ್ನು ಮೊದಲೇ ಮಾಡಿಕೊಂಡೆವು.

ಚಕ್ರವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಕೆಳಗಿನ ಸಾಲಿನ ನಡುವೆ ಚೈನ್ ಎಷ್ಟು ಮೇಲೆ ಕೆಳಗೆ ಆಡುತ್ತದೆಂದು ಅಳೆದಾಗ ಒಂದು ಕಡೆ 28 ಮಿ.ಮೀ., ಇನ್ನೊಂದು ಕಡೆ 46 ಮಿ.ಮೀ. ಬಂತು. ತೊಂದರೆಯ ಮೂಲ ಈ ವ್ಯತ್ಯಾಸದಲ್ಲಿಯೇ ಇತ್ತು. ಚೈನ್ ಎಲ್ಲೆಡೆ ಒಂದೇ ಸಮನಾಗಿ ಸವೆದಿದ್ದರೆ ಜೋಲು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ಕೆಲವು ಕೊಂಡಿಗಳು ಹೆಚ್ಚು ಸವೆದು, ಕೆಲವು ಬಿಗಿದು ನಿಂತಾಗ ಚೈನಿನ ಒಂದು ಭಾಗ ಉದ್ದವಾಗಿ, ಮತ್ತೊಂದು ಭಾಗ ಗಿಡ್ಡವಾಗಿ ವರ್ತಿಸುತ್ತದೆ. ಅಂಥ ಚೈನನ್ನು ಜೋಲಾದ ಜಾಗದಲ್ಲಿ ನೋಡಿ ಬಿಗಿಮಾಡಿದರೆ ಬಿಗಿಯಾದ ಜಾಗ ತಂತಿಯಂತೆ ಸೆಟೆದುಕೊಂಡು, ಗೇರ್‌ಬಾಕ್ಸಿನ ಹೊರದಂಡದ (ಮುಂದಿನ ಸ್ಪ್ರಾಕೆಟ್ ಕೂರುವ ದಂಡದ) ಬೇರಿಂಗನ್ನೂ ಹಿಂಚಕ್ರದ ಬೇರಿಂಗನ್ನೂ ಪ್ರತಿ ಸುತ್ತಿನಲ್ಲಿ ಜಗ್ಗುತ್ತದೆ. ಈ ಬೈಕಿನಲ್ಲಿ ಅದುವರೆಗೆ ನಡೆದಿದ್ದು ಅದೇ: ಬಿಗಿ ಮಾಡಿದಷ್ಟೂ ಸವೆತ ಹೆಚ್ಚಿತ್ತು, ಸವೆದಷ್ಟೂ ಮತ್ತೆ ಬಿಗಿ ಮಾಡಬೇಕಾಗಿತ್ತು.

ಚೈನ್ ಹಿಗ್ಗಿದೆ ಎನ್ನುವುದು ವಾಡಿಕೆಯ ಮಾತು. ಉಕ್ಕಿನ ತಟ್ಟೆಗಳು ಹೀಗೆ ಹಿಗ್ಗುವುದಿಲ್ಲ. ಪ್ರತಿ ಕೀಲಿನಲ್ಲಿ ಪಿನ್ ಮತ್ತು ಅದನ್ನು ಸುತ್ತುವರಿದ ಸಣ್ಣ ಕೊಳವೆಯಾದ ಬುಷ್ ಒಂದನ್ನೊಂದು ಉಜ್ಜಿ ಸವೆಯುತ್ತವೆ, ಆ ಸವೆತಗಳ ಮೊತ್ತ ನಮಗೆ ಉದ್ದವಾಗಿ ಕಾಣುತ್ತದೆ. 520 ಎಂಬ ಸಂಖ್ಯೆಯ ಮೊದಲ ಅಂಕಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ಅಂತರವನ್ನು ಇಂಚಿನ ಎಂಟನೆಯ ಭಾಗಗಳಲ್ಲಿ ತಿಳಿಸುತ್ತದೆ: ಎಂಟನೇ ಐದು ಇಂಚು, ಅಂದರೆ 15.875 ಮಿ.ಮೀ. ಹೊಸ ಚೈನಿನಲ್ಲಿ 20 ಕೊಂಡಿಗಳ ಉದ್ದ 317.5 ಮಿ.ಮೀ. ಇರಬೇಕು. ಈ ಬೈಕಿನ ಕೈಪಿಡಿ 323 ಮಿ.ಮೀ.ಗೆ ಮಿತಿ ಹಾಕಿತ್ತು. ಚೈನನ್ನು ಸೆಳೆದು ಹಿಡಿದು, ಒಂದನೆಯ ಪಿನ್ನಿನ ನಡುವಿನಿಂದ 21ನೆಯ ಪಿನ್ನಿನ ನಡುವಿನವರೆಗೆ ಅಳೆದಾಗ ಒಂದು ಭಾಗದಲ್ಲಿ 320, ಅತಿ ಸವೆದ ಭಾಗದಲ್ಲಿ 324 ಮಿ.ಮೀ. ಸಿಕ್ಕಿತು. ಇದು ಶೇಕಡಾ ಎರಡಕ್ಕಿಂತ ತುಸು ಹೆಚ್ಚು. ಒಂದು ಕೀಲಿಗೆ ಲೆಕ್ಕ ಹಾಕಿದರೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಇಲ್ಲ. ಆದರೆ ಇಡೀ ಚೈನ್ ಇಷ್ಟೇ ಪ್ರಮಾಣದಲ್ಲಿ ಸವೆದಿದ್ದರೆ 112 ಕೀಲುಗಳಲ್ಲಿ ಅದು 36 ಮಿ.ಮೀ. ಆಗುತ್ತದೆ, ಹಿಂಚಕ್ರವನ್ನು ಸುಮಾರು 18 ಮಿ.ಮೀ. ಹಿಂದಕ್ಕೆ ತಳ್ಳಬೇಕಾಗುತ್ತದೆ. ಒಂದೇ ಜಾಗದಲ್ಲಿ ಅಳೆದು ಸರಿಯಿದೆ ಎಂದುಕೊಳ್ಳುವವರು ಈ ಎರಡು ಅಳತೆಗಳ ಅಂತರವನ್ನು ಗಮನಿಸಬೇಕು. 320 ಸಿಕ್ಕ ಜಾಗದಲ್ಲಷ್ಟೇ ಅಳೆದು ನಿಲ್ಲಿಸಿದ್ದರೆ ಈ ಚೈನ್ ಪಾಸಾಗಿಬಿಡುತ್ತಿತ್ತು.

ಅತಿ ಸವೆದ ಭಾಗದ ಓ-ರಿಂಗುಗಳು ಬಿರಿದಿದ್ದವು, ಕೆಲವು ಇರಲೇ ಇಲ್ಲ, ಅವುಗಳ ಜಾಗದಲ್ಲಿ ಕೆಂಪು ತುಕ್ಕಿನ ಪುಡಿ ಕಾಣುತ್ತಿತ್ತು. ಓ-ರಿಂಗ್ ಚೈನಿನಲ್ಲಿ ಪಿನ್ ಮತ್ತು ಬುಷ್ ನಡುವಿನ ಗ್ರೀಸನ್ನು ತಯಾರಿಕೆಯ ಹೊತ್ತಿನಲ್ಲಿಯೇ ತುಂಬಿ, ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ಉಂಗುರ ಹೋದ ಮೇಲೆ ಹೊರಗಿನಿಂದ ಎಷ್ಟು ಎಣ್ಣೆ ಹಾಕಿದರೂ ಆ ಗ್ರೀಸಿನ ಸ್ಥಾನವನ್ನು ಅದು ತುಂಬಲಾರದು. ಚೈನನ್ನು ಪೆಟ್ರೋಲಿನಲ್ಲಿ ತೊಳೆದು ತಂತಿ ಬ್ರಷ್ಷಿನಿಂದ ಉಜ್ಜುವುದು ಮಾಲೀಕರ ಅಭ್ಯಾಸವಾಗಿತ್ತು. ಪೆಟ್ರೋಲ್ ರಬ್ಬರನ್ನು ಕೆಡಿಸುತ್ತದೆ, ತಂತಿ ಅದನ್ನು ಹರಿಯುತ್ತದೆ. ಚೈನ್ ಹೊಳೆಯುವಂತೆ ಕಂಡರೂ ಒಳಗಿನಿಂದ ಒಣಗಿರುತ್ತದೆ. ಸೀಮೆಎಣ್ಣೆ ಅಥವಾ ಓ-ರಿಂಗಿಗೆ ಹೊಂದುವ ಚೈನ್ ಕ್ಲೀನರ್, ಜೊತೆಗೆ ಮೃದುವಾದ ಬ್ರಷ್, ಇಷ್ಟು ಸಾಕಾಗುತ್ತದೆ.

ಮುಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಒಂದು ಬದಿಗೆ ಕೊಕ್ಕೆಯಾಗಿ ಬಾಗಿದ್ದವು. ಹಿಂದಿನದರಲ್ಲಿ ಸವೆತ ಅಷ್ಟು ಎದ್ದು ಕಾಣುತ್ತಿರಲಿಲ್ಲ. ಹಿಂದಿನ ಸ್ಪ್ರಾಕೆಟ್ ಒಂದು ಸುತ್ತು ತಿರುಗುವಾಗ ಮುಂದಿನದು ಮೂರು ಸುತ್ತು ತಿರುಗುವುದರಿಂದ ಅದರ ಪ್ರತಿ ಹಲ್ಲಿಗೆ ಮೂರು ಪಟ್ಟು ಹೊಡೆತ ಬೀಳುತ್ತದೆ. ಹೀಗಾಗಿ ಅದು ಮೊದಲು ಸವೆಯುವುದು ಸಹಜವೇ. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಚೈನನ್ನು ಮಾತ್ರ ಬದಲಿಸಿ ಸ್ಪ್ರಾಕೆಟ್ಟುಗಳನ್ನು ಹಾಗೆಯೇ ಬಿಟ್ಟಿದ್ದರೆಂದು ಮಾಲೀಕರು ನೆನಪಿಸಿಕೊಂಡಾಗ ಈ ಚೈನ್ ಇಷ್ಟು ಬೇಗ ಕೈಕೊಟ್ಟದ್ದರ ಇನ್ನೊಂದು ಕಾರಣವೂ ತಿಳಿಯಿತು. ಸವೆದ ಹಲ್ಲು ಹಳೆಯ ಚೈನಿನ ಅಂತರಕ್ಕೆ ಹೊಂದಿಕೊಂಡಿರುತ್ತದೆ. ಹೊಸ ಚೈನಿನ ರೋಲರ್ ಅದರ ಬುಡದಲ್ಲಿ ಸರಿಯಾಗಿ ಕೂರುವುದಿಲ್ಲ, ಇಡೀ ಎಳೆತ ಒಂದೆರಡು ಹಲ್ಲುಗಳ ಮೇಲೆಯೇ ಬಿದ್ದು ಹೊಸ ಚೈನೂ ಬೇಗನೆ ಸವೆಯುತ್ತದೆ. ಮೂರನ್ನೂ ಒಟ್ಟಿಗೆ ಬದಲಿಸಬೇಕೆಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಮನೆಯಲ್ಲಿ ಮಾಡಬಹುದೇ ಎಂಬ ಪ್ರಶ್ನೆ

ಸವೆದ ಭಾಗಗಳನ್ನು ಬಿಚ್ಚುವುದು ಕಷ್ಟದ ಕೆಲಸವಲ್ಲ. ಹೊಸದನ್ನು ಜೋಡಿಸಿ, ಅದು ವೇಗದಲ್ಲಿ ಓಡುವಾಗ ಬಿಚ್ಚಿಕೊಳ್ಳದಂತೆ ನೋಡಿಕೊಳ್ಳುವುದರಲ್ಲಿ ಇಡೀ ಜವಾಬ್ದಾರಿ ಇದೆ. ಓಡುವ ಬೈಕಿನಲ್ಲಿ ಕಡಿದ ಚೈನ್ ಮುಂದಿನ ಸ್ಪ್ರಾಕೆಟ್ಟಿನ ಬಳಿ ಮುದ್ದೆಯಾಗಿ ಇಂಜಿನ್ನಿನ ಕವಚವನ್ನು ಒಡೆಯಬಹುದು, ಹಿಂಚಕ್ರಕ್ಕೆ ಸುತ್ತಿಕೊಂಡು ಅದನ್ನು ಹಿಡಿದು ನಿಲ್ಲಿಸಲೂಬಹುದು. ಆದ್ದರಿಂದ ಟಾರ್ಕ್ ರೆಂಚ್ (ನಟ್ಟನ್ನು ಹೇಳಿದಷ್ಟೇ ಬಲಕ್ಕೆ, ಅಂದರೆ ಟಾರ್ಕಿಗೆ, ಬಿಗಿಮಾಡುವ ಸ್ಪ್ಯಾನರ್), ಚೈನ್ ಕತ್ತರಿಸಿ ರಿವೆಟ್ ಮಾಡುವ ಉಪಕರಣ, ವರ್ನಿಯರ್ ಕ್ಯಾಲಿಪರ್, ಬೈಕಿನ ಸರ್ವಿಸ್ ಕೈಪಿಡಿ ಈ ನಾಲ್ಕೂ ಕೈಯಲ್ಲಿಲ್ಲದೆ ಕೆಲಸ ಆರಂಭಿಸಬಾರದೆಂಬುದು ನನ್ನ ನಿಲುವು. ಸಮತಟ್ಟಾದ ಗಟ್ಟಿ ನೆಲ ಮತ್ತು ಬೈಕಿನ ಮೇಲೆ ಕುಳಿತು ಬ್ರೇಕ್ ಒತ್ತಲು ಒಬ್ಬರು ಬೇಕೇಬೇಕು. ಕೈ ಅಂದಾಜಿನಿಂದ ನಟ್ಟು ಬಿಗಿಮಾಡುವ ಅನುಭವಿ ಮೆಕ್ಯಾನಿಕ್ಕುಗಳಿದ್ದಾರೆ, ನಿಜ. ಆ ಅಂದಾಜು ನೂರಾರು ಬೈಕುಗಳನ್ನು ಬಿಚ್ಚಿ ಜೋಡಿಸಿದ ಮೇಲೆ ಬಂದದ್ದು, ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರಿಗೆ ಅದು ಇರುವುದು ಸಾಧ್ಯವಿಲ್ಲ.

ಹೊಸ ಸೆಟ್ ತರುವಾಗ ಚೈನಿನ ಸಂಖ್ಯೆ, ಕೊಂಡಿಗಳ ಎಣಿಕೆ, ಎರಡೂ ಸ್ಪ್ರಾಕೆಟ್ಟುಗಳ ಹಲ್ಲುಗಳನ್ನು ಕೈಪಿಡಿಯೊಂದಿಗೆ ಹೋಲಿಸಿ, ಬೈಕಿನಲ್ಲಿದ್ದ ಭಾಗಗಳಲ್ಲಿಯೂ ಎಣಿಸಿ ನೋಡಲಾಯಿತು. ಹಿಂದಿನವರು ಬೇರೆ ಅಳತೆಯದನ್ನು ಹಾಕಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಅಲ್ಯೂಮಿನಿಯಂ ಸ್ಪ್ರಾಕೆಟ್ ಹಗುರವಾಗಿದ್ದರೂ ಬೇಗ ಸವೆಯುವುದರಿಂದ ಉಕ್ಕಿನದನ್ನೇ ಆರಿಸಿದರು. ಮಾಸ್ಟರ್ ಲಿಂಕ್, ಅಂದರೆ ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿ, ಕ್ಲಿಪ್ಪಿನದಾಗಿರದೆ, ಪಿನ್ನಿನ ತುದಿಯನ್ನು ಅಗಲಿಸಿ ಭದ್ರಪಡಿಸುವ ರಿವೆಟ್ಟಿನದಾಗಿತ್ತು. ತಯಾರಕರು ಕ್ಲಿಪ್ಪನ್ನೇ ಸೂಚಿಸಿರುವ ಸಣ್ಣ ಬೈಕುಗಳಲ್ಲಿ ಅದು ಸಾಕಾಗುತ್ತದೆ, ಆದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗೆ ಇರಬೇಕು: ಮೇಲಿನ ಸಾಲಿನಲ್ಲಿ ನೋಡಿದರೆ ಬೈಕಿನ ಮುಂಭಾಗಕ್ಕೆ. ತಿರುಗಾಮುರುಗ ಹಾಕಿದ ಕ್ಲಿಪ್ ಏನಾದರೂ ತಗಲಿದಾಗ ಹಾರಿಹೋಗುತ್ತದೆ.

ಚೈನ್ ಇರುವಾಗಲೇ ಮಾಡಬೇಕಾದದ್ದು

ಇಡೀ ಕೆಲಸದಲ್ಲಿ ಕ್ರಮಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ. ಮುಂದಿನ ಸ್ಪ್ರಾಕೆಟ್ಟಿನ ನಟ್ಟು ಬಹಳ ಬಿಗಿಯಾಗಿರುತ್ತದೆ, ಅದನ್ನು ಸಡಿಲಿಸುವಾಗ ಸ್ಪ್ರಾಕೆಟ್ ತಿರುಗದಂತೆ ಯಾವುದಾದರೂ ಹಿಡಿದಿಡಬೇಕು. ಹಳೆಯ ಚೈನ್ ಇನ್ನೂ ಜಾಗದಲ್ಲಿದ್ದು, ಹಿಂಚಕ್ರ ನೆಲದ ಮೇಲಿದ್ದು, ಒಬ್ಬರು ಬೈಕಿನ ಮೇಲೆ ಕುಳಿತು ಹಿಂಬ್ರೇಕನ್ನು ಒತ್ತಿ ಹಿಡಿದರೆ ಚೈನೇ ಆ ಕೆಲಸ ಮಾಡುತ್ತದೆ. ಉತ್ಸಾಹದಲ್ಲಿ ಚೈನನ್ನು ಮೊದಲೇ ಕತ್ತರಿಸಿಬಿಟ್ಟರೆ ಸ್ಪ್ರಾಕೆಟ್ ಹಿಡಿಯಲು ಏನೂ ಉಳಿಯುವುದಿಲ್ಲ; ಆಗ ಕೆಲವರು ಗೇರಿಗೆ ಹಾಕಿ ಇಂಜಿನ್ನಿನ ತಡೆಯನ್ನು ನೆಚ್ಚುತ್ತಾರೆ, ಕೆಲವರು ಹಲ್ಲುಗಳ ನಡುವೆ ಸ್ಕ್ರೂಡ್ರೈವರ್ ತುರುಕುತ್ತಾರೆ. ಮೊದಲನೆಯದು ಅಷ್ಟೂ ಬಲವನ್ನು ಗೇರ್‌ಬಾಕ್ಸಿನೊಳಗೆ ಹಾಯಿಸುತ್ತದೆ, ಎರಡನೆಯದು ಇಂಜಿನ್ನಿನ ಎರಕದ ಕವಚವನ್ನು ಬಿರಿಸುತ್ತದೆ.

ಮೊದಲು ಗೇರ್ ಪೆಡಲಿನ ತೋಳನ್ನು ಬಿಚ್ಚಲಾಯಿತು. ಬಿಚ್ಚುವ ಮೊದಲು ಅದು ದಂಡದ ಮೇಲೆ ಕೂತಿದ್ದ ಸ್ಥಾನಕ್ಕೆ ಬಣ್ಣದ ಗುರುತು ಹಾಕಿಕೊಂಡದ್ದರಿಂದ ಮತ್ತೆ ಜೋಡಿಸುವಾಗ ಪೆಡಲ್ ಮೇಲೆ ಕೆಳಗೆ ಆಗುವ ಪ್ರಶ್ನೆ ಬರಲಿಲ್ಲ. ಸ್ಪ್ರಾಕೆಟ್ಟಿನ ಮುಚ್ಚಳ ತೆಗೆದಾಗ ಒಳಗೆ ಗ್ರೀಸು, ಮಣ್ಣು ಸೇರಿ ಗಟ್ಟಿಯಾದ ಮುದ್ದೆ ತುಂಬಿತ್ತು. ಅದನ್ನು ಮರದ ಚಕ್ಕೆಯಿಂದ ಕೆರೆದು ತೆಗೆದ ಮೇಲೆ ಹೊರದಂಡದ ಆಯಿಲ್ ಸೀಲ್ ಕಾಣಿಸಿತು. ಬಿಗಿ ಚೈನಿನ ಎಳೆತಕ್ಕೆ ಸೀಲಿನಿಂದ ಆಯಿಲ್ ಸೋರಿರಬಹುದೆಂಬ ಆತಂಕ ನಮಗಿತ್ತು. ಸೋರಿಕೆ ಇರಲಿಲ್ಲ. ಒಂದುವೇಳೆ ಅಲ್ಲಿ ಹಸಿ ಆಯಿಲ್ ಕಂಡಿದ್ದರೆ, ಅಥವಾ ದಂಡವನ್ನು ಮೇಲೆ ಕೆಳಗೆ ಅಲುಗಿಸಿದಾಗ ಆಟ ಸಿಕ್ಕಿದ್ದರೆ, ಈ ಕೆಲಸ ಅಲ್ಲಿಗೇ ನಿಂತು ಬೈಕು ಗ್ಯಾರೇಜಿಗೆ ಹೋಗಬೇಕಾಗುತ್ತಿತ್ತು.

ನಟ್ಟಿನ ಕೆಳಗಿನ ಲಾಕ್ ವಾಷರಿನ ಅಂಚನ್ನು ನಟ್ಟಿನ ಒಂದು ಮಗ್ಗುಲಿಗೆ ಮಡಚಿರುತ್ತಾರೆ. ಅದನ್ನು ಉಳಿ ಮತ್ತು ಸುತ್ತಿಗೆಯಿಂದ ಸಂಪೂರ್ಣ ಚಪ್ಪಟೆ ಮಾಡಿದ ನಂತರವೇ ಉದ್ದ ಹಿಡಿಯ ಸ್ಪ್ಯಾನರ್ ಹಾಕಲಾಯಿತು. ಅರ್ಧ ಮಡಚಿದ ವಾಷರಿನ ಮೇಲೆ ಸ್ಪ್ಯಾನರ್ ಪೂರ್ತಿ ಕೂರುವುದಿಲ್ಲ, ಬಲ ಹಾಕಿದಾಗ ಜಾರಿ ನಟ್ಟಿನ ಮೂಲೆಗಳನ್ನೂ ಕೈಯ ಗೆಣ್ಣುಗಳನ್ನೂ ಕೆಡಿಸುತ್ತದೆ. ಕೆಲವು ಬೈಕುಗಳಲ್ಲಿ ಈ ನಟ್ಟಿಗೆ ಎಡತಿರುವಿನ ಥ್ರೆಡ್ ಇರುವುದರಿಂದ ಯಾವ ಕಡೆಗೆ ಬಿಚ್ಚಬೇಕೆಂದು ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಸಣ್ಣ ಬೈಕುಗಳಲ್ಲಿ ನಟ್ಟಿನ ಬದಲು ಎರಡು ಬೋಲ್ಟುಗಳ ತೆಳು ತಟ್ಟೆ ಇರುತ್ತದೆ, ಅದು ಸುಲಭ. ಇದೇ ಹೊತ್ತಿನಲ್ಲಿ ಹಿಂದಿನ ಸ್ಪ್ರಾಕೆಟ್ಟಿನ ನಟ್ಟುಗಳನ್ನೂ ಆಕ್ಸಲ್ (ಚಕ್ರದ ಅಚ್ಚು) ನಟ್ಟನ್ನೂ ಒಂದೊಂದು ಎಳೆ ಸಡಿಲಿಸಿಟ್ಟರು. ಎತ್ತಿ ನಿಲ್ಲಿಸಿದ ಬೈಕಿನ ಮೇಲೆ ದೊಡ್ಡ ನಟ್ಟುಗಳಿಗೆ ಮೈಭಾರ ಹಾಕಿದರೆ ಬೈಕು ಸ್ಟ್ಯಾಂಡಿನಿಂದ ಜಾರುತ್ತದೆ ಎಂಬುದೇ ಇದರ ಹಿಂದಿನ ಲೆಕ್ಕಾಚಾರ.

ಆಮೇಲೆ ಬೈಕನ್ನು ಸ್ಟ್ಯಾಂಡಿಗೆ ಏರಿಸಿ, ಮುಂಬ್ರೇಕಿನ ಲಿವರನ್ನು ಪಟ್ಟಿಯಿಂದ ಕಟ್ಟಿ, ಮುಂಚಕ್ರದ ಎರಡೂ ಕಡೆ ಮರದ ತುಂಡುಗಳನ್ನು ಒತ್ತಿ ಇಟ್ಟರು. ಚೈನಿನ ಒಂದು ಕೊಂಡಿಯ ಎರಡು ಪಿನ್ನುಗಳ ತಲೆಗಳನ್ನು ಗ್ರೈಂಡರಿನಿಂದ ತಟ್ಟೆಯ ಮಟ್ಟಕ್ಕೆ ಸವೆಸಿ, ನಂತರ ಉಪಕರಣದಿಂದ ಪಿನ್ನನ್ನು ತಳ್ಳಿ ತೆಗೆಯಲಾಯಿತು. ತಲೆ ಸವೆಸದೆ ನೇರವಾಗಿ ತಳ್ಳಿದರೆ ಉಪಕರಣದ ಮೊಳೆಯೇ ಮುರಿಯುತ್ತದೆ. ಗ್ರೈಂಡರಿನ ಕಿಡಿಗಳು ಟೈರು, ಡಿಸ್ಕ್, ಟ್ಯಾಂಕಿನ ಕಡೆಗೆ ಹಾರದಂತೆ ದಪ್ಪ ಒದ್ದೆ ಬಟ್ಟೆ ಮುಚ್ಚಿದ್ದೆವು. ಸ್ವಚ್ಛಗೊಳಿಸಲು ತಂದಿದ್ದ ಸೀಮೆಎಣ್ಣೆಯ ಡಬ್ಬವನ್ನು ಆ ಮೊದಲೇ ದೂರಕ್ಕೆ ಒಯ್ದಿದ್ದೆವು. ಕಣ್ಣಿಗೆ ಕನ್ನಡಕ ಹಾಕದೆ ಈ ಹಂತವನ್ನು ಯಾರೂ ಮುಟ್ಟಬಾರದು.

ಹಿಂಚಕ್ರದ ಕಡೆ

ಆಕ್ಸಲ್ ಹೊರತೆಗೆಯುವಾಗ ಎಬಿಎಸ್ ಸೆನ್ಸರನ್ನು ಮೊದಲು ಬಿಚ್ಚಿ ಬದಿಗೆ ಕಟ್ಟಲಾಯಿತು, ಬ್ರೇಕ್ ಕ್ಯಾಲಿಪರನ್ನು (ಡಿಸ್ಕನ್ನು ಹಿಡಿಯುವ ಭಾಗವನ್ನು) ಅದರ ಹೋಸಿಗೆ ಭಾರ ಬೀಳದಂತೆ ತಂತಿಯಲ್ಲಿ ತೂಗುಹಾಕಲಾಯಿತು. ಚಕ್ರ ಹೊರಗಿರುವಾಗ ಯಾರಾದರೂ ಬ್ರೇಕ್ ಪೆಡಲ್ ತುಳಿದರೆ ಪಿಸ್ಟನ್ ಹೊರಕ್ಕೆ ಬರುತ್ತದೆ. ಅದಕ್ಕಾಗಿ ಪ್ಯಾಡುಗಳ ನಡುವೆ ರಟ್ಟಿನ ದಪ್ಪ ತುಂಡನ್ನು ಸಿಕ್ಕಿಸಿದರು. ಎಡ ಮತ್ತು ಬಲದ ಸ್ಪೇಸರುಗಳ ಉದ್ದ ಬೇರೆಬೇರೆಯಾಗಿದ್ದುದರಿಂದ ತೆಗೆದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಸಾಲಾಗಿ ಇರಿಸಲಾಯಿತು.

ಸ್ಪ್ರಾಕೆಟ್ ಕೂರುವ ಹಬ್ಬಿನ, ಅಂದರೆ ಚಕ್ರದ ನಡುಭಾಗದ, ಒಳಗೆ ಇಂಜಿನ್ನಿನ ಎಳೆತದ ಹೊಡೆತವನ್ನು ತಾಳಿಕೊಳ್ಳುವ ರಬ್ಬರುಗಳಿರುತ್ತವೆ. ಚೈನ್ ಬದಲಿಸುವ ಅನೇಕರು ಇವುಗಳನ್ನು ನೋಡುವುದೇ ಇಲ್ಲ, ಇದು ವಿಷಾದದ ಸಂಗತಿ, ಏಕೆಂದರೆ ಚಕ್ರ ಹೇಗೂ ಕೈಯಲ್ಲಿರುತ್ತದೆ. ಇಲ್ಲಿ ರಬ್ಬರುಗಳು ಬಿರಿದಿರಲಿಲ್ಲವಾದರೂ ಹಬ್ಬನ್ನು ಕೈಯಿಂದ ತಿರುಗಿಸಿದಾಗ ಗಮನಕ್ಕೆ ಬರುವಷ್ಟು ಆಟವಿತ್ತು. ಜಗ್ಗುವಿಕೆಯ ಒಂದು ಪಾಲು ಇದರದೂ ಆಗಿರಬಹುದೆಂದು ಹೊಸ ರಬ್ಬರುಗಳನ್ನೇ ಹಾಕಿದರು. ಹಬ್ಬಿನ ಬೇರಿಂಗನ್ನು ಬೆರಳಿನಿಂದ ತಿರುಗಿಸಿದಾಗ ಅದು ನುಣುಪಾಗಿ ತಿರುಗಿತು, ಎಲ್ಲಿಯೂ ತಡೆಯಲಿಲ್ಲ.

ಹೊಸ ಸ್ಪ್ರಾಕೆಟ್ ಕೂರುವ ಮುಖವನ್ನು ಒರೆಸಿ, ಹಲ್ಲುಗಳ ಸಂಖ್ಯೆ ಕೆತ್ತಿದ ಬದಿ ಹೊರಗೆ ಬರುವಂತೆ ಇಟ್ಟು, ನಟ್ಟುಗಳನ್ನು ಎದುರುಬದುರಾಗಿ, ಎರಡು ಹಂತಗಳಲ್ಲಿ, ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಮಾಡಿದರು. ಹಿಂಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮಿನ ಮೇಲೆ ಚೈನ್ ಉಜ್ಜದಂತೆ ಕಾಪಾಡುವ ರಬ್ಬರ್ ಪಟ್ಟಿಯಲ್ಲಿ ಆಳವಾದ ತೋಡು ಬಿದ್ದಿತ್ತು. ಆ ಪಟ್ಟಿ ಹರಿದರೆ ಚೈನ್ ನೇರವಾಗಿ ಲೋಹವನ್ನು ಕೊರೆಯತೊಡಗುವುದರಿಂದ ಅದನ್ನೂ ಬದಲಿಸಲಾಯಿತು.

ಮಾಸ್ಟರ್ ಲಿಂಕ್

ಕಾರ್ಖಾನೆಯಲ್ಲಿ ಜೋಡಿಸಿದ ಕೀಲುಗಳೆಲ್ಲ ಯಂತ್ರದ ಅಳತೆಗೆ ಬಂದವು. ಮನೆಯಲ್ಲಿ ಜೋಡಿಸಿದ ಈ ಒಂದು ಕೊಂಡಿ ಮಾತ್ರ ನಮ್ಮ ಕೈಯ ಅಳತೆಗೆ ಬಂದದ್ದು. ಹೆಚ್ಚಿನ ಸಮಯ ಇಲ್ಲಿಯೇ ಕಳೆಯಿತು, ಹಾಗೆ ಕಳೆಯಬೇಕಾದದ್ದೂ ಇಲ್ಲಿಯೇ.

ಹೊಸ ಚೈನನ್ನು ಮುಂದಿನ ಸ್ಪ್ರಾಕೆಟ್ಟಿನ ಮೇಲಿಂದ ಹಾಯಿಸಿ, ಎರಡೂ ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರಿಸಲಾಯಿತು. ಹೀಗೆ ಮಾಡಿದರೆ ತುದಿಗಳು ಸರಿಯಾದ ಅಂತರದಲ್ಲಿ ತಾವಾಗಿಯೇ ನಿಲ್ಲುತ್ತವೆ. ಮಾಸ್ಟರ್ ಲಿಂಕಿನ ಪಿನ್ನುಗಳಿಗೆ ಪೊಟ್ಟಣದಲ್ಲಿ ಬಂದಿದ್ದ ಗ್ರೀಸನ್ನು ಧಾರಾಳವಾಗಿ ಹಚ್ಚಿ, ಎರಡು ಓ-ರಿಂಗ್ ತೊಡಿಸಿ, ಒಳಬದಿಯಿಂದ ತೂರಿಸಿ, ಹೊರಬದಿಯಲ್ಲಿ ಇನ್ನೆರಡು ಓ-ರಿಂಗ್ ಹಾಕಿ ಅದರ ಮೇಲೆ ತಟ್ಟೆ ಇಡಲಾಯಿತು. ನಾಲ್ಕು ಓ-ರಿಂಗುಗಳಲ್ಲಿ ಒಂದು ಬಿಟ್ಟುಹೋದರೂ ಆ ಕೀಲು ಉಳಿದ ಚೈನಿಗಿಂತ ಬಹಳ ಮುಂಚೆ ಒಣಗುತ್ತದೆ.

ತಟ್ಟೆ ಕೈಯಿಂದ ಕೂರುವುದಿಲ್ಲ, ಉಪಕರಣದಿಂದ ಒತ್ತಬೇಕು. ಎಷ್ಟು ಒತ್ತಬೇಕೆಂಬುದಕ್ಕೆ ಪಕ್ಕದ ಕೊಂಡಿಯೇ ಅಳತೆಗೋಲು: ಕ್ಯಾಲಿಪರಿನಲ್ಲಿ ಅದರ ಹೊರಗಿನ ಅಗಲವನ್ನು ಅಳೆದುಕೊಂಡು, ಮಾಸ್ಟರ್ ಲಿಂಕಿನ ಅಗಲ ಅದಕ್ಕೆ ಸಮವಾಗುವವರೆಗೆ ಸ್ವಲ್ಪಸ್ವಲ್ಪ ಒತ್ತಿ, ಪ್ರತಿ ಬಾರಿಯೂ ಎರಡೂ ಪಿನ್ನುಗಳ ಬಳಿ ಅಳೆದು ನೋಡಿದರು. ಕಡಿಮೆ ಒತ್ತಿದರೆ ಓ-ರಿಂಗ್ ಮುಚ್ಚುವುದಿಲ್ಲ. ಹೆಚ್ಚು ಒತ್ತಿದರೆ ಓ-ರಿಂಗ್ ಜಜ್ಜಿಹೋಗಿ ಕೀಲು ಬಿಗಿಯಾಗುತ್ತದೆ, ಬಿಗಿಯಾದ ಕೀಲು ಪ್ರತಿ ಸುತ್ತಿನಲ್ಲಿ ಒಮ್ಮೆ ಸ್ಪ್ರಾಕೆಟ್ಟನ್ನು ಕುಕ್ಕುತ್ತದೆ.

ಪಿನ್ನಿನ ಟೊಳ್ಳು ತುದಿಯನ್ನು ಅಗಲಿಸಿ ತಟ್ಟೆ ಹೊರಬರದಂತೆ ಮಾಡುವುದು ಕೊನೆಯ ಹಂತ. ಚೈನಿನ ಜೊತೆ ಬಂದಿದ್ದ ಹಾಳೆಯಲ್ಲಿ ಅಗಲಿಸಿದ ತಲೆಯ ವ್ಯಾಸ 5.50ರಿಂದ 5.80 ಮಿ.ಮೀ. ಒಳಗಿರಬೇಕೆಂದು ಹೇಳಿತ್ತು. ಇದು ಆ ಚೈನಿನ ಅಳತೆ, ಬೇರೆ ಚೈನಿಗೆ ಅದರದೇ ಹಾಳೆಯನ್ನು ನೋಡಬೇಕು. ಮೊದಲ ಪಿನ್ 5.6ಕ್ಕೆ ಬಂತು. ಎರಡನೆಯದು 5.4ರಲ್ಲಿ ನಿಂತಿತು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತಿದ್ದವು, ಬೆರಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕ್ಯಾಲಿಪರ್ ಇಲ್ಲದಿದ್ದರೆ ಕೆಲಸ ಮುಗಿಯಿತೆಂದು ಮೇಲೇಳುತ್ತಿದ್ದರು. ಉಪಕರಣವನ್ನು ಮತ್ತೆ ನೇರವಾಗಿ ಕೂರಿಸಿ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ತೆಗೆದು ಅಳೆದು, ಅದನ್ನೂ 5.6ಕ್ಕೆ ತಂದರು. ಎರಡೂ ತಲೆಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ ಎಲ್ಲಿಯೂ ಬಿರುಕಿಲ್ಲವೆಂದು ಖಚಿತಪಡಿಸಿಕೊಳ್ಳಲಾಯಿತು. ಕೂದಲೆಳೆಯ ಬಿರುಕು ಕಂಡಿದ್ದರೂ ಆ ಕೊಂಡಿಯನ್ನು ತೆಗೆದೆಸೆದು ಹೊಸದನ್ನು ಹಾಕುವುದೇ ದಾರಿ, ಒಮ್ಮೆ ಬಳಸಿದ ಮಾಸ್ಟರ್ ಲಿಂಕನ್ನು ಮತ್ತೆ ಬಳಸುವಂತಿಲ್ಲ. ಕೊನೆಗೆ ಆ ಕೀಲು ಪಕ್ಕದ ಕೀಲುಗಳಷ್ಟೇ ಸಲೀಸಾಗಿ ಮಡಚಿಕೊಳ್ಳುತ್ತದೆಯೇ ಎಂದು ಕೈಯಿಂದ ಆಡಿಸಿ ನೋಡಿದರು.

ಸಾಲು, ಜೋಲು ಮತ್ತು ಬಿಗಿತ

ಚಕ್ರ ನೇರವಾಗಿದೆಯೇ ಎಂದು ನೋಡಲು ಸ್ವಿಂಗ್‌ಆರ್ಮಿನ ಎರಡೂ ಬದಿಯಲ್ಲಿ ಗೀಟುಗಳಿರುತ್ತವೆ. ಎರಡೂ ಕಡೆ ಒಂದೇ ಗೀಟಿಗೆ ತಂದು ನಿಲ್ಲಿಸಿದ ಮೇಲೆ, ಸ್ವಿಂಗ್‌ಆರ್ಮ್ ತಿರುಗುವ ಬೋಲ್ಟಿನ ನಡುವಿನಿಂದ ಆಕ್ಸಲಿನ ನಡುವಿನವರೆಗೆ ಟೇಪಿನಲ್ಲಿ ಅಳೆದಾಗ ಎಡ ಬಲಗಳ ನಡುವೆ 2 ಮಿ.ಮೀ. ವ್ಯತ್ಯಾಸ ಬಂತು. ಗೀಟುಗಳಲ್ಲಿ ಇಷ್ಟು ದೋಷವಿರುವುದು ಅಪರೂಪವಲ್ಲ. ಅಳತೆಯನ್ನು ನಂಬಿ, ಗೀಟನ್ನು ಬಿಟ್ಟು ಸರಿಪಡಿಸಿದರು. ಹಿಂದಿನಿಂದ ಬಗ್ಗಿ ಚೈನಿನ ಮೇಲಿನ ಸಾಲನ್ನು ನೋಡಿದಾಗ ಅದು ಗೆರೆ ಎಳೆದಂತೆ ನೇರವಾಗಿ ಸಾಗಿತ್ತು. ಹಳೆಯ ಸ್ಪ್ರಾಕೆಟ್ಟಿನ ಹಲ್ಲುಗಳ ಒಂದೇ ಪಕ್ಕದಲ್ಲಿ ಉಜ್ಜಿದ ಹೊಳಪು ಕಂಡಿದ್ದಕ್ಕೆ ಆಗ ವಿವರಣೆ ದೊರೆಯಿತು: ಗೀಟನ್ನು ನಂಬಿ ಕೂರಿಸಿದ್ದ ಚಕ್ರ ತುಸು ಓರೆಯಾಗಿತ್ತು.

ಜೋಲನ್ನು ಕೈಪಿಡಿ ಹೇಳಿದ ಸ್ಥಿತಿಯಲ್ಲಿಯೇ ಅಳೆಯಬೇಕು. ಈ ಬೈಕಿಗೆ ಸೈಡ್ ಸ್ಟ್ಯಾಂಡಿನ ಮೇಲೆ, ಯಾರೂ ಕುಳಿತಿರದಾಗ, 25ರಿಂದ 35 ಮಿ.ಮೀ. ಎಂದಿತ್ತು. ಹಿಂಚಕ್ರ ಮೇಲೆ ಕೆಳಗೆ ಆಡುವಾಗ ಮುಂದಿನ ಸ್ಪ್ರಾಕೆಟ್ಟಿನ ನಡು, ಸ್ವಿಂಗ್‌ಆರ್ಮಿನ ಬೋಲ್ಟು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ಚೈನ್ ಅತ್ಯಂತ ಬಿಗಿಯಾಗುತ್ತದೆ. ಸವಾರನ ಭಾರ ಬಿದ್ದಾಗ ಬೈಕು ಆ ಸ್ಥಿತಿಯ ಕಡೆಗೇ ಸರಿಯುವುದರಿಂದ, ನಿಂತ ಬೈಕಿನಲ್ಲಿ ಚೆಂದ ಕಾಣುವ ಬಿಗಿ ಚೈನ್ ಓಡುವಾಗ ಅಪಾಯದ ಬಿಗಿಗೆ ತಲುಪುತ್ತದೆ. ತುಸು ಜೋಲಾದ ಚೈನ್ ಸದ್ದು ಮಾಡಿ ಎಚ್ಚರಿಸುತ್ತದೆ. ಅತಿ ಬಿಗಿಯಾದ ಚೈನ್ ಬೇರಿಂಗ್ ಕೆಡುವವರೆಗೂ ಸುಮ್ಮನಿರುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಮಿತಿಯೊಳಗಿನ ಜೋಲಿನ ಕಡೆಗೇ ವಾಲುತ್ತೇನೆ. ಹೊಸ ಚೈನಿನ ಅತಿ ಬಿಗಿಯಾದ ಜಾಗದಲ್ಲಿ 30 ಮಿ.ಮೀ. ಇಡಲಾಯಿತು.

ಆಕ್ಸಲ್ ನಟ್ಟನ್ನು ಬಿಗಿಮಾಡುವಾಗ ಚಕ್ರ ಹಿಂದಕ್ಕೆ ಜರುಗಿ ಅಳತೆ ತಪ್ಪುವುದುಂಟು. ಸುತ್ತಿದ ಬಟ್ಟೆಯೊಂದನ್ನು ಚೈನ್ ಮತ್ತು ಹಿಂದಿನ ಸ್ಪ್ರಾಕೆಟ್ಟಿನ ನಡುವೆ ಇಟ್ಟು, ಕೈಯನ್ನು ಪೂರ್ತಿ ಹೊರಕ್ಕೆ ತೆಗೆದ ಮೇಲೆ ಚಕ್ರವನ್ನು ಟೈರಿನಿಂದ ಹಿಡಿದು ತುಸು ತಿರುಗಿಸಿದರೆ ಆಕ್ಸಲ್ ಮುಂದಕ್ಕೆ ಎಳೆದುಕೊಂಡು ಅಡ್ಜಸ್ಟರುಗಳಿಗೆ ಒತ್ತಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ನಟ್ಟನ್ನು ಕೈಪಿಡಿಯ ಟಾರ್ಕಿಗೆ ಬಿಗಿಮಾಡಿ, ಬಟ್ಟೆ ತೆಗೆದು, ಜೋಲನ್ನು ಮತ್ತೊಮ್ಮೆ ಅಳೆದು, ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿದರು.

ಮುಂದಿನ ಸ್ಪ್ರಾಕೆಟ್ಟಿನ ನಟ್ಟಿಗೆ ಮತ್ತೆ ಚೈನಿನ ಸಹಾಯ ಬೇಕಾಯಿತು. ಚಕ್ರವನ್ನು ನೆಲಕ್ಕಿಳಿಸಿ, ಬ್ರೇಕ್ ಪೆಡಲನ್ನು ಅದು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ, ನಂತರ ಒಬ್ಬರು ಬ್ರೇಕ್ ಹಿಡಿದಿರುವಾಗ ಟಾರ್ಕ್ ರೆಂಚಿನಿಂದ ಬಿಗಿಮಾಡಿ, ಹೊಸ ಲಾಕ್ ವಾಷರಿನ ಅಂಚನ್ನು ನಟ್ಟಿನ ಮಗ್ಗುಲಿಗೆ ಮಡಚಲಾಯಿತು. ಪೆಡಲನ್ನು ಹೀಗೆ ಒತ್ತುವುದು ಎಂದಿಗೂ ಮರೆಯಬಾರದ ಹೆಜ್ಜೆ. ಚಕ್ರ ಕೂರಿಸುವಾಗ ಪ್ಯಾಡುಗಳು ಹಿಂದಕ್ಕೆ ಸರಿದಿರುತ್ತವೆ. ಪೆಡಲ್ ಒತ್ತದೆ ಹೊರಟವರಿಗೆ ಮೊದಲ ತಿರುವಿನಲ್ಲಿ ಹಿಂಬ್ರೇಕ್ ಇರುವುದೇ ಇಲ್ಲ.

ಓಡಿಸಿದ ಮೇಲೆ

ಸೆನ್ಸರ್, ಮುಚ್ಚಳ, ಗೇರ್ ಪೆಡಲ್ ಎಲ್ಲವೂ ಸ್ಥಾನಕ್ಕೆ ಬಂದ ನಂತರ ಚಕ್ರವನ್ನು ಕೈಯಿಂದ ಹಲವು ಸುತ್ತು ತಿರುಗಿಸಿ, ಮಾಸ್ಟರ್ ಲಿಂಕ್ ಎರಡೂ ಸ್ಪ್ರಾಕೆಟ್ಟುಗಳ ಮೇಲೆ ತಡೆಯಿಲ್ಲದೆ ಹಾದುಹೋಗುವುದನ್ನು ನೋಡಲಾಯಿತು. ಹೊಸ ಚೈನಿನ ಮೇಲಿನ ಗ್ರೀಸನ್ನು ತೊಳೆಯಲಿಲ್ಲ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದರು. ಮೊದಲ ಓಟ ವಾಹನಗಳಿಲ್ಲದ ಜಾಗದಲ್ಲಿ, ನಿಧಾನ ವೇಗದಲ್ಲಿ ನಡೆಯಿತು. ಕರಕರ ಸದ್ದು ಹೋಗಿತ್ತು, ಆಕ್ಸಿಲರೇಟರ್ ಬಿಟ್ಟು ತಿರುಗಿಸಿದಾಗಿನ ಜಗ್ಗುವಿಕೆಯೂ ಹೋಗಿತ್ತು. ಹಿಂದಿರುಗಿದ ಮೇಲೆ ಇಂಜಿನ್ ನಿಲ್ಲಿಸಿ ನೋಡಿದಾಗ ಹಬ್ಬು ಬಿಸಿಯಾಗಿರಲಿಲ್ಲ, ರಿವೆಟ್ಟಿನ ತಲೆಗಳು ಹಾಗೆಯೇ ಇದ್ದವು.

ಹೊಸ ಚೈನ್ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಹೊಂದಿಕೊಳ್ಳುವುದರಿಂದ ಜೋಲು ಸ್ವಲ್ಪ ಹೆಚ್ಚುತ್ತದೆ. ಆಮೇಲಿನ ಪರೀಕ್ಷೆಯಲ್ಲಿ ಅದು 34 ಮಿ.ಮೀ. ಇತ್ತು, ಮಿತಿಯೊಳಗಿದ್ದರೂ ಅಂಚಿನಲ್ಲಿತ್ತು. ಸುತ್ತಲೂ ಅಳೆದಾಗ ಎಲ್ಲೆಡೆ ಹೆಚ್ಚುಕಡಿಮೆ ಅಷ್ಟೇ ಬಂತು. ಆಕ್ಸಲ್ ಸಡಿಲಿಸಿ, ಎರಡೂ ಅಡ್ಜಸ್ಟರುಗಳನ್ನು ಸಮನಾಗಿ ತಿರುಗಿಸಿ 30ಕ್ಕೆ ತಂದು, ಟಾರ್ಕ್ ಹಾಕಿ, ಸ್ಪ್ಲಿಟ್ ಪಿನ್ನನ್ನು ಮತ್ತೆ ಹೊಸದಾಗಿ ಹಾಕಲಾಯಿತು. ಈಗ ಮಾಲೀಕರು ಓಡಿಸಿ ಬಂದು ಇಂಜಿನ್ ನಿಲ್ಲಿಸಿದ ಮೇಲೆ, ಚೈನ್ ಇನ್ನೂ ಬೆಚ್ಚಗಿರುವಾಗ, ಹಿಂಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ ನಿಲ್ಲಿಸುತ್ತಾ ಕೆಳಸಾಲಿನ ಒಳಮುಖಕ್ಕೆ ಚೈನ್ ಲ್ಯೂಬ್ ಹಾಕುತ್ತಾರೆ. ಮಳೆಯಲ್ಲಿ ನೆನೆದ ದಿನ ಒರೆಸಿ ಅಂದೇ ಹಾಕುತ್ತಾರೆ. ಕತ್ತರಿಸಿದ ಹಳೆಯ ಚೈನನ್ನು ಬೇರೆ ಬೈಕಿಗೆ ಬಳಸದಂತೆ ತುಂಡು ಮಾಡಿ ಗುಜರಿಗೆ ಕೊಟ್ಟರು, ಗ್ರೀಸು ಹತ್ತಿದ ಬಟ್ಟೆ ಮತ್ತು ಸೀಮೆಎಣ್ಣೆಯನ್ನು ಮೋರಿಗೆ ಹಾಕದೆ ಮುಚ್ಚಿದ ಡಬ್ಬದಲ್ಲಿ ಪ್ರತ್ಯೇಕವಾಗಿ ಒಯ್ದರು.